ಗಾಲಿಯೊಳಗಣ ಹಿಮ

ದೀಪಾವಳಿಯ ಆಸುಪಾಸಿನಲ್ಲಿ ಬೆಳಗಿನ ಜಾವ ವಾಶಿಯ ಹಣ್ಣಿನ ಪೇಟೆಗೆ ಹೋದವರು ಕಾಶ್ಮೀರವನ್ನು ಮೊದಲು ಮೂಗಿನಿಂದಲೇ ಅರಿಯುತ್ತಾರೆ. ಸಾಲುಗಟ್ಟಿ ನಿಂತ ಲಾರಿಗಳ ತಾಡಪತ್ರಿಯನ್ನು ಸರಿಸಿದೊಡನೆ ಸೇಬಿನ ಪರಿಮಳವು ಪೇಟೆಯ ಗಲ್ಲಿಗಲ್ಲಿಗಳಲ್ಲಿ ಹರಡಿಕೊಳ್ಳುತ್ತದೆ. ಹಮಾಲರು ಪೆಟ್ಟಿಗೆ ಇಳಿಸುತ್ತಾರೆ, ದಲಾಲರು ದರ ಕೂಗುತ್ತಾರೆ, ಸೂರ್ಯೋದಯದ ಹೊತ್ತಿಗೆ ಹಣ್ಣು ನಮ್ಮ ಮಾಟುಂಗಾ, ಡೊಂಬಿವಲಿಗಳ ಅಂಗಡಿಗೆ ಸೇರಿರುತ್ತದೆ. ಆದರೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕ್ರಮಿಸಿ ಆ ಹಣ್ಣನ್ನು ತಂದವನು ಲಾರಿಯ ನೆರಳಿನಲ್ಲಿ ಕಂಬಳಿ ಹೊದ್ದು ಮಲಗಿರುತ್ತಾನೆ. ಅವನನ್ನು ಕೇಳುವವರು ಕಡಮೆ.

ನಾವು ಕೇಳಿದೆವು. ಕೇಳಿದುದಕ್ಕೆ ಕಾರಣವೂ ಇತ್ತು. ಒಂದು ಲಾರಿಯ ಚಾಲಕರ ಆಸನದ ಕೆಳಗೆ ಜಾಕಿ, ಪಾನಾಗಳ ನಡುವೆ ಮರದ ಒಂದು ಕೊಡತಿ ಬಿದ್ದಿತ್ತು. ಹೊಲದಲ್ಲಿ ಹೆಂಟೆ ಒಡೆಯುವ, ಗೂಟ ಬಡಿಯುವ, ನಮ್ಮ ಬಯಲು ಸೀಮೆಯ ಸಾಕ್ಷಾತ್ ಕೊಡತಿ. ಹತ್ತು ಟನ್ನು ಹೊರುವ ಯಂತ್ರದಲ್ಲಿ ಇದಕ್ಕೇನು ಕೆಲಸವೆಂದು ವಿಚಾರಿಸಿದಾಗ ಅದರ ಒಡೆಯರು ಎದ್ದು ಕುಳಿತು, ನಮ್ಮ ಮಾತಿನ ಧಾಟಿ ಕೇಳಿ ನಕ್ಕು, ಕನ್ನಡದಲ್ಲಿಯೇ ಉತ್ತರವಿತ್ತರು:

“ಬರ್ಫ್ ಒಡ್ಯಾಕರಿ, ಸಾಹೇಬರ. ರೋಡಿನ ಮ್ಯಾಲಿಂದಲ್ಲ. ರೋಡಿನ ಮ್ಯಾಲಿಂದು ಕಣ್ಣಿಗಿ ಕಾಣ್ತೈತಿ. ಗಾಲಿಯೊಳಗ ಕುಂತದ್ದು ಕಾಣಂಗಿಲ್ಲ. ಕಾಣದ್ದು ಭಾಳ ಕೆಟ್ಟರಿ.”

ಅವರು ವಿಜಯಪುರ ಜಿಲ್ಲೆಯವರು. ಡೋಣಿ ನದಿಯ ದಂಡೆಯ ಒಂದು ಹಳ್ಳಿ ಅವರ ಊರು. ಇಪ್ಪತ್ತು ವರ್ಷಗಳಿಂದ ಮುಂಬಯಿಯ ಲಾರಿಗಳನ್ನು ನಡೆಯಿಸುತ್ತಿದ್ದಾರೆ. ಹೆಸರು ಬರೆಯಬೇಡಿರೆಂದು ಕೇಳಿಕೊಂಡುದರಿಂದ ಬರೆದಿಲ್ಲ. ಅವರು ಹೇಳಿದ ಸಂಗತಿಯನ್ನು ಮಾತ್ರ ವಾಚಕರ ಮುಂದಿಡಲೇಬೇಕೆಂದು ನಮಗೆ ತೋರಿತು. ಏಕೆಂದರೆ ಲಾರಿಯ ಉದ್ಯಮದಲ್ಲಿ ಅನ್ನ ಕಂಡುಕೊಂಡ ನಮ್ಮವರು ವಾಶಿಯಲ್ಲಿಯೂ ಕಳಂಬೋಲಿಯಲ್ಲಿಯೂ ಬಹಳ ಮಂದಿಯಿದ್ದಾರೆ. ಹಿಮವನ್ನು ಕಂಡವರು ಅವರಲ್ಲಿ ಬಹಳ ಮಂದಿಯಿಲ್ಲ.

ಶೋಪಿಯಾನದ ಒಂದು ರಾತ್ರಿ

ಕೆಲವು ವರ್ಷಗಳ ಹಿಂದಿನ ನವೆಂಬರ ತಿಂಗಳು. ಸೇಬು ತುಂಬಲು ಅವರು ಶೋಪಿಯಾನಕ್ಕೆ ಹೋಗಿದ್ದರು. ಪಕ್ಕದಲ್ಲಿ ಕ್ಲೀನರಾಗಿ ಕುಳಿತವನು ಅವರ ಅಕ್ಕನ ಮಗ; ಹದಿನೆಂಟು ದಾಟಿದ್ದ ಹುಡುಗ, ಊರು ಬಿಟ್ಟು ಅದೇ ಮೊದಲ ಪ್ರಯಾಣ. ಸಾಮಾನ್ಯವಾಗಿ ಆ ಹೊತ್ತಿಗೆ ಕಣಿವೆಯ ತಳದಲ್ಲಿ ದೊಡ್ಡ ಹಿಮ ಬೀಳುವುದಿಲ್ಲ. ಆದರೆ 2018ರಲ್ಲಿಯೂ 2019ರಲ್ಲಿಯೂ ನವೆಂಬರದ ಮೊದಲ ವಾರದಲ್ಲಿಯೇ ಹಿಮ ಸುರಿದು, ಹಣ್ಣು ಹೊತ್ತು ನಿಂತಿದ್ದ ಸೇಬಿನ ಮರಗಳ ಕೊಂಬೆಗಳು ಮುರಿದುಬಿದ್ದುದನ್ನು ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. ಹಿಮಕ್ಕೆ ಪಂಚಾಂಗವಿಲ್ಲ. ಇವರು ಹೋದಾಗಲೂ ಹಾಗೆಯೇ ಆಯಿತು. ಹಗಲೆಲ್ಲ ಹಿಮ ಬಿದ್ದು, ಪೇಟೆಯ ಅಂಗಳದಲ್ಲಿ ಲಾರಿಗಳು ಹಿಂದುಮುಂದು ಸರಿದಾಡಿ, ಅದು ಕೆಸರಿನೊಡನೆ ಕಲಸಿ ರಾಡಿಯಾಯಿತು. ಸಂಜೆ ಭರ್ತಿ ಮುಗಿಯಿತು. ಲಾರಿಯನ್ನು ಒಂದೆಡೆ ನಿಲ್ಲಿಸಿ, ಹ್ಯಾಂಡ್ ಬ್ರೇಕು ಬಿಗಿದು, ಇಬ್ಬರೂ ಮಲಗಿದರು.

ನಸುಕಿನಲ್ಲಿ ಹೊರಟರು. ಖಾಜಿಗುಂಡದ ಕಡೆಗಿನ ಸಪಾಟು ರಸ್ತೆಯಲ್ಲಿ ಲಾರಿಯು ಗಂಟೆಗೆ ನಲವತ್ತು ಕಿಲೋಮೀಟರು ಮುಟ್ಟುವಷ್ಟರಲ್ಲಿ ಸ್ಟಿಯರಿಂಗು ಕೈಯಲ್ಲಿ ನಡುಗತೊಡಗಿತು. ಐವತ್ತಕ್ಕೆ ಏರಿಸಿದಾಗ ನಡುಕವು ಕುಣಿತವಾಯಿತು. ಇಳಿದು, ಗಾಲಿಯ ನಟ್ಟುಗಳನ್ನೆಲ್ಲ ಪಾನಾ ಹಾಕಿ ನೋಡಿದರು, ಬಿಗಿಯಾಗಿದ್ದವು. ಟಯರುಗಳನ್ನು ಬಡಿದು ನೋಡಿದರು; ಗಾಳಿ ಇತ್ತು. ಹಿಂದಿನ ವರ್ಷವೂ ಇಂಥದೇ ನಡುಕ ಬಂದು, ಜಮ್ಮುವಿನವರೆಗೆ ಹೇಗೋ ತಲುಪಿ, ಅಲ್ಲಿ ಒಂದು ಕಾರ್ಖಾನೆಯಲ್ಲಿ ಬೇರಿಂಗು ಬದಲಿಸಿದ ನೆನಪಾಯಿತು. ಬಿಚ್ಚಿದ ಬೇರಿಂಗು ಕೆಟ್ಟಂತೆ ಕಾಣಿಸಿರಲಿಲ್ಲ. ಆದರೂ ಹಣ ತೆತ್ತು ಬಂದಿದ್ದರು. ಈ ಸಲವೂ ಬೇರಿಂಗೇ ಇರಬೇಕೆಂದುಕೊಂಡರು. ಅಷ್ಟರಲ್ಲಿ ಮಾಲಕರ ಫೋನು ಬಂದಿತು: ದಾರಿ ಮುಚ್ಚುವುದರೊಳಗೆ ಬನಿಹಾಲ ದಾಟಬೇಕು, ಹಣ್ಣು ಕೊಳೆತರೆ ಯಾರು ಹೊಣೆ?

ಬನಿಹಾಲದ ಆಚೆ ರಸ್ತೆ ಕೆಳಗಿಳಿಯುತ್ತದೆ. ಒಂದು ಮಗ್ಗುಲಿಗೆ ಬೆಟ್ಟ, ಇನ್ನೊಂದು ಮಗ್ಗುಲಿಗೆ ಕಮರಿ. ಒಂದು ತಿರುವಿನಲ್ಲಿ ಬ್ರೇಕು ತುಳಿದರು. ಬಲಗಡೆಯ ಗಾಲಿ ಹಿಡಿಯಿತು, ಎಡಗಡೆಯದು ಹಿಡಿಯಲಿಲ್ಲ. ಲಾರಿ ಬಲಕ್ಕೆ ಎಳೆಯಿತು. ಸ್ಟಿಯರಿಂಗನ್ನು ಎಡಕ್ಕೆ ತಿರುವಿದರು. ಅರ್ಧ ತಿರುಗಿ, ಏನೋ ಅಡ್ಡ ಸಿಕ್ಕಂತೆ ಅಲ್ಲಿಯೇ ನಿಂತಿತು. ಕಮರಿಯಂಚಿನ ಕಟ್ಟೆಗೆ ಒಂದು ಮೊಳ ಉಳಿದಿರುವಾಗ ಲಾರಿ ನಿಂತಿತು.

“ಹಣ್ಣು ನೆನಪಾಗಲಿಲ್ರಿ, ಮಾಲಕರು ನೆನಪಾಗಲಿಲ್ಲ. ಹುಡುಗನ ಮಾರಿ ನೋಡಿದ್ನಿ, ಅಕ್ಕಗ ಏನ್ ಹೇಳಲಿ ಅನಿಸ್ತು.” ಈ ಮಾತು ಹೇಳುವಾಗ ಅವರು ನಮ್ಮನ್ನು ನೋಡಲಿಲ್ಲ.

ಹಿಂದಿನ ಲಾರಿಯಿಂದ ವಯಸ್ಸಾದ ಪಂಜಾಬಿ ಚಾಲಕರೊಬ್ಬರು ಇಳಿದು ಬಂದರು. ಮಾತನಾಡದೆ, ಮುಂದಿನ ಗಾಲಿಯ ಹಿಂದೆ ಬಗ್ಗಿ ಬ್ಯಾಟರಿ ಹಿಡಿದು ನೋಡಿದರು. ತಮ್ಮ ಲಾರಿಯಿಂದ ಕಟ್ಟಿಗೆಯ ತುಂಡೊಂದನ್ನು ತಂದು, ಗಾಲಿಯ ಒಳಮಗ್ಗುಲಿಗೆ ನಾಲ್ಕು ಪೆಟ್ಟು ಹಾಕಿದರು. ಒಡೆದ ಗಡಿಗೆಯ ಕಂಠದ ಹಾಗೆ ಬಾಗಿದ, ಕೆಸರು ಬಣ್ಣದ ಗಡ್ಡೆಯೊಂದು ರಸ್ತೆಗೆ ಬಿದ್ದಿತು. ಅನಂತರ ಮಡ್‌ಗಾರ್ಡಿನ ಒಳಗೆ ಹೆಪ್ಪುಗಟ್ಟಿದುದನ್ನು ಒಡೆದರು. ಸ್ಟಿಯರಿಂಗು ಪೂರ್ತಿ ತಿರುಗಿತು. ಅನಂತರ ಅವರು ಕೇಳಿದ ಪ್ರಶ್ನೆ ಇದು: “ಬೇಟಾ, ನಿಮ್ಮ ಊರಿನಲ್ಲಿ ಎತ್ತಿನ ಗಾಡಿ ಇಲ್ಲವೇ? ಕೆಸರಿನಲ್ಲಿ ಹೋಗಿ ಬಂದ ಗಾಲಿಯನ್ನು ನಿಮ್ಮ ತಂದೆ ಹಾಗೆಯೇ ಬಿಡುತ್ತಿದ್ದರೇ?”

ನಮ್ಮ ಗೆಳೆಯರು ತಲೆ ತಗ್ಗಿಸಿದರಂತೆ. ಡೋಣಿಯ ಎರೆಮಣ್ಣು ಎಂಥದೆಂಬುದನ್ನು ಆ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಮಳೆಗಾಲದಲ್ಲಿ ಅದು ಗಾಡಿಯ ಗಾಲಿಗೆ ಮೆತ್ತಿಕೊಂಡರೆ ಎತ್ತು ಹೆಜ್ಜೆ ಕಿತ್ತಿಡಲಾರದು, ಒಣಗಿದರೆ ಕಲ್ಲಾಗುತ್ತದೆ. ಆದುದರಿಂದ ಗಾಡಿ ಬಿಟ್ಟೊಡನೆ ಮಣ್ಣು ಹಸಿಯಿರುವಾಗಲೇ ಅದನ್ನು ಕೆರೆದು ತೆಗೆಯುವುದು ರೈತನ ಪದ್ಧತಿ. ಅವರ ತಂದೆ ಪ್ರತಿ ಸಂಜೆ ಇದನ್ನು ಮಾಡುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಹಿಮವೂ ಒಂದು ಬಗೆಯ ಎರೆಮಣ್ಣೆಂಬುದು ಮಾತ್ರ ಹೊಳೆದಿರಲಿಲ್ಲ.

ರಾತ್ರಿಯಲ್ಲಿ ನಡೆಯುವ ಕಾರ್ಯ

ಗಾಲಿಯೊಳಗೆ ಏನು ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಲಾರಿಯ ಮುಂದಿನ ಗಾಲಿಯ ತಟ್ಟೆ ಹೊರಕ್ಕೆ ಉಬ್ಬಿರುತ್ತದೆ. ಆದುದರಿಂದ ಅದರ ಬೋಗುಣಿ ಒಳಮಗ್ಗುಲಿಗೆ, ಅಚ್ಚಿನ ಕಡೆಗೆ ಇರುತ್ತದೆ. ಬ್ರೇಕಿನ ಡ್ರಮ್ಮು ಕುಳಿತಿರುವುದು ಅದರೊಳಗೆ. ಡ್ರಮ್ಮಿಗೂ ರಿಮ್ಮಿಗೂ ನಡುವೆ ಕೆಲವು ಬೆರಳುಗಳಷ್ಟು ಸಂದು ಇರುತ್ತದೆ. ಹಿಂದಿನ ಜೋಡಿ ಗಾಲಿಗಳಲ್ಲಿ ಹೊರಗಿನದರ ತಟ್ಟೆ ಒಳಕ್ಕೆ ತಗ್ಗಿರುವುದರಿಂದ ಅಲ್ಲಿ ತುಂಬಿದ ಹಿಮವು ನಿಂತವರ ಕಣ್ಣಿಗೆ ಬೀಳುತ್ತದೆ. ಮುಂದಿನ ಗಾಲಿಯದು ಬಗ್ಗಿ ನೋಡಿದವನಿಗೆ ಮಾತ್ರ ಕಾಣುತ್ತದೆ. ಲಾರಿಯ ದಿಕ್ಕನ್ನು ನಿರ್ಧರಿಸುವುದೋ, ಮುಂದಿನ ಗಾಲಿ.

ಹಿಮದಲ್ಲಿ ಓಡುವಾಗ ರಾಡಿಯು ಈ ಬೋಗುಣಿಯೊಳಗೆ ಎರಚಿ ಸುತ್ತಲೂ ಮೆತ್ತಿಕೊಳ್ಳುತ್ತದೆ. ಗಾಲಿ ತಿರುಗುತ್ತಿರುವವರೆಗೆ ಅದು ಬಹುಮಟ್ಟಿಗೆ ಸಮನಾಗಿ ಹರಡಿರುವುದರಿಂದ ಚಾಲಕನಿಗೆ ವಿಶೇಷ ತೊಂದರೆ ತಿಳಿಯುವುದಿಲ್ಲ. ಲಾರಿ ನಿಂತ ಮೇಲೆ ಕಥೆ ಬೇರೆಯಾಗುತ್ತದೆ. ಬ್ರೇಕು ಹಾಕಿ ಹಾಕಿ ಕಾದ ಡ್ರಮ್ಮಿನ ಬಿಸಿಗೆ ಹಿಮ ಕರಗುತ್ತದೆ. ಕರಗಿದುದು ಗಾಲಿಯ ತಳಭಾಗಕ್ಕೆ ಇಳಿದು ಸೇರುತ್ತದೆ. ಡ್ರಮ್ಮು ತಣ್ಣಗಾದ ಮೇಲೆ, ನಡುರಾತ್ರಿಯ ಚಳಿಗೆ, ಅಲ್ಲಿಯೇ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಹೀಗೆ ಸಂಜೆ ಸುತ್ತಲೂ ಹರಡಿದ್ದ ಭಾರವು ಬೆಳಗಾಗುವುದರೊಳಗೆ ಒಂದೇ ಮಗ್ಗುಲಿಗೆ ಕೂಡಿಬಿಡುತ್ತದೆ. ನಿನ್ನೆ ಸರಿಯಾಗಿ ಓಡಿದ ಲಾರಿ ಇಂದು ಬೆಳಿಗ್ಗೆ ನಡುಗುವುದರ ಗುಟ್ಟು ಇದೇ. ಮಧ್ಯಾಹ್ನ ಬೆಚ್ಚಗಿನ ಊರು ತಲುಪುವಷ್ಟರಲ್ಲಿ ಗಡ್ಡೆ ಕರಗಿ ಹೋಗಿರುತ್ತದೆ. ಗಾಲಿ ಬಿಚ್ಚಿ ನೋಡಿದ ಮಿಸ್ತ್ರಿಗೆ ಏನೂ ಸಿಕ್ಕುವುದಿಲ್ಲ. ಕಳ್ಳನು ಸಾಕ್ಷಿಯನ್ನೂ ತನ್ನೊಡನೆ ಒಯ್ದಿರುತ್ತಾನೆ. ಕೆಡದ ಬೇರಿಂಗು ಬದಲಾಗುವುದು ಹೀಗೆ.

ಒಂದು ಕಿಲೋಗ್ರಾಮಿನ ಬಲ

ಇಷ್ಟು ಚಿಕ್ಕ ಗಡ್ಡೆ ಇಷ್ಟು ದೊಡ್ಡ ಲಾರಿಯನ್ನು ನಡುಗಿಸಬಲ್ಲುದೇ ಎಂದು ಯಾರಿಗಾದರೂ ಸಂದೇಹ ಬರಬಹುದು. ಹೊಸದಾಗಿ ಬಿದ್ದ ಹಿಮ ಹತ್ತಿಯಂತೆ ಹಗುರ. ಒಂದು ಲೀಟರಿನ ಪಾತ್ರೆಯಲ್ಲಿ ತುಂಬಿದರೆ ನೂರು ಗ್ರಾಮೂ ತೂಗುವುದು ಕಷ್ಟ. ಅದೇ ಹಿಮ ಗಾಲಿಗಳ ತುಳಿತಕ್ಕೆ ಸಿಕ್ಕು ಒತ್ತಾದಾಗ ಮುನ್ನೂರು, ನಾನೂರು ಗ್ರಾಮು ತೂಗುತ್ತದೆ. ಕರಗಿ ಮತ್ತೆ ಗಡ್ಡೆ ಕಟ್ಟಿದರೆ ಒಂಬೈನೂರು ಗ್ರಾಮಿಗೂ ಮಿಕ್ಕುತ್ತದೆ. ಎಂದರೆ ಲೀಟರಿನಷ್ಟು ಸಂದಿನಲ್ಲಿ ಹೆಚ್ಚುಕಡಮೆ ಒಂದು ಕಿಲೋಗ್ರಾಮು ಅಡಗಬಲ್ಲುದು.

ಇನ್ನು ಲೆಕ್ಕ ಹಾಕೋಣ. ಲಾರಿಯ ಗಾಲಿಯು ನಡುವಿನಿಂದ ನೆಲಕ್ಕೆ ಸುಮಾರು ಅರ್ಧ ಮೀಟರು. ಗಂಟೆಗೆ 60 ಕಿಲೋಮೀಟರು ಓಡುವಾಗ ಅದು ಸೆಕೆಂಡಿಗೆ ಐದು ಸಲಕ್ಕಿಂತಲೂ ಹೆಚ್ಚು ಸುತ್ತುತ್ತದೆ. ಗಾಲಿಯ ನಡುವಿನಿಂದ 23 ಸೆಂಟಿಮೀಟರು ದೂರದಲ್ಲಿ, ರಿಮ್ಮಿನ ಒಳಗೆ ಕಚ್ಚಿಕೊಂಡ ಒಂದು ಕಿಲೋಗ್ರಾಮು ಗಡ್ಡೆ, ಗಂಟೆಗೆ 40 ಕಿಲೋಮೀಟರಿನ ವೇಗದಲ್ಲಿ ಸುಮಾರು 12 ಕಿಲೋಗ್ರಾಮು ಭಾರ ತೂಗಿಬಿಟ್ಟಷ್ಟು ಬಲದಿಂದ ಗಾಲಿಯನ್ನು ಹೊರಕ್ಕೆ ಜಗ್ಗುತ್ತದೆ. 60ರಲ್ಲಿ ಈ ಬಲ 26ಕ್ಕೆ, 80ರಲ್ಲಿ 46ಕ್ಕೆ ಏರುತ್ತದೆ. ವೇಗ ಇಮ್ಮಡಿಯಾದರೆ ಜಗ್ಗು ನಾಲ್ಮಡಿಯಾಗುವುದು ಪ್ರಕೃತಿಯ ನಿಯಮ. ಆ ಜಗ್ಗು ಒಂದೇ ದಿಕ್ಕಿಗೆ ಇರದೆ, ಗಾಲಿ ಸುತ್ತಿದಂತೆ ಮೇಲೆ, ಕೆಳಗೆ, ಹಿಂದೆ, ಮುಂದೆ ಎಂದು ಸೆಕೆಂಡಿಗೆ ಐದು ಸಲ ದಿಕ್ಕು ಬದಲಿಸುತ್ತದೆ. ಸ್ಟಿಯರಿಂಗಿನ ಕೀಲುಗಳೂ ಬೇರಿಂಗುಗಳೂ ಈ ಪೆಟ್ಟನ್ನು ಸಹಿಸಬೇಕು. ಗಾಲಿ ಸರಿದೂಗಿಸಲು ಅಂಗಡಿಯವರು ಗ್ರಾಮುಗಳ ಲೆಕ್ಕದಲ್ಲಿ ಸೀಸ ಅಂಟಿಸುತ್ತಾರೆ. ಇಲ್ಲಿ ಕಿಲೋಗ್ರಾಮುಗಳೇ ಒಂದು ಮಗ್ಗುಲಿಗೆ ಕುಳಿತಿರುತ್ತವೆ.

ಇದು ನಡುಕದ ಮಾತಾಯಿತು. ಬ್ರೇಕಿನದು ಇನ್ನೊಂದು. ಒದ್ದೆಯಾದ ಡ್ರಮ್ಮಿಗೆ ಬ್ರೇಕಿನ ಶೂ ಒತ್ತಿ ನಿಂತಿದ್ದರೆ ರಾತ್ರಿಯಲ್ಲಿ ಎರಡೂ ಅಂಟಿಕೊಂಡುಬಿಡುತ್ತವೆ. ಬೆಳಿಗ್ಗೆ ಆ ಗಾಲಿ ತಿರುಗದೆ ಎಳೆದುಕೊಂಡು ಹೋಗುತ್ತದೆ. ಅಂಟದೆ ಹೋದರೂ ಲೈನರಿನ ಮೇಲೆ ತೆಳ್ಳಗೆ ಕಟ್ಟಿದ ಗಡ್ಡೆಯಿಂದ ಮೊದಲ ಒಂದೆರಡು ತುಳಿತಕ್ಕೆ ಬ್ರೇಕು ಹಿಡಿಯದೆ ಹೋಗಬಹುದು. ಒಂದು ಗಾಲಿ ಹಿಡಿದು ಇನ್ನೊಂದು ಬಿಟ್ಟರೆ ಲಾರಿ ಅಡ್ಡ ಎಳೆಯುತ್ತದೆ. ಬನಿಹಾಲದ ತಿರುವಿನಲ್ಲಿ ನಮ್ಮ ಗೆಳೆಯರಿಗೆ ಒದಗಿದ ವಿಪತ್ತು ಇದೇ. ಮೂರನೆಯದು ಮಡ್‌ಗಾರ್ಡಿನೊಳಗಣ ಹಿಮ. ಅದು ದಪ್ಪನಾಗಿ ಹೆಪ್ಪುಗಟ್ಟಿದರೆ ಗಾಲಿ ತಿರುಗಲು ಎಡೆಯೇ ಇರುವುದಿಲ್ಲ. ನೇರ ರಸ್ತೆಯಲ್ಲಿ ಇದು ತಿಳಿಯುವುದಿಲ್ಲ. ತಿರುವಿನಲ್ಲಿ ಮಾತ್ರ ತಿಳಿಯುತ್ತದೆ. ತಿರುವು ಪಾಠ ಕಲಿಯುವ ಸ್ಥಳವಲ್ಲ.

ಹಿಮದ ದಾರಿಯೂ ನಮ್ಮವರೂ

ಹಿಮದ ಮೇಲೆ ಗಾಲಿ ಉರುಳಿಸುವ ಸಾಹಸದಲ್ಲಿ ಕನ್ನಡ ನಾಡಿನ ಹೆಸರು ಹಿಂದೆಯೇ ಸೇರಿದೆ. 1948ರ ನವೆಂಬರ 1ರಂದು, ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಗೆ ಭಾರತದ ಸೇನೆಯು ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಿತು. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಎದುರಾಳಿಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆ ಯೋಜನೆಯನ್ನು ನಡೆಯಿಸಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು ಮಡಿಕೇರಿಯಲ್ಲಿ ಹುಟ್ಟಿದವರು. ಹೇಸರಗತ್ತೆಗಳ ಕಾಲುದಾರಿಯನ್ನು ಟ್ಯಾಂಕು ಹತ್ತುವ ದಾರಿಯನ್ನಾಗಿ ಮಾಡಿದವರು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ದಳದವರು. ದಕ್ಷಿಣದ ಬಿಸಿಲಿನಲ್ಲಿ ಬೆಳೆದವರು ಹಿಮದ ರೀತಿಯನ್ನು ಕಲಿಯಲಾರರೆಂಬ ಮಾತಿಗೆ ಅಂದೇ ಉತ್ತರ ದೊರೆತಿದೆ. ಆದರೆ ಕಲಿಯಬೇಕು, ಕಲಿಯದೆ ಹೋಗಬಾರದು.

ಇಂದು ಕಲಿಯುವ ಅಗತ್ಯ ಹೆಚ್ಚಾಗಿದೆ. ಕಾರಣ, ದಾರಿಗಳು ಒಳ್ಳೆಯವಾಗಿವೆ. 1956ರಲ್ಲಿ ಬನಿಹಾಲದ ಜವಾಹರ ಸುರಂಗ ತೆರೆದಂದಿನಿಂದ ಬೆಟ್ಟಗಳನ್ನು ಕೊರೆಯುವ ಕೆಲಸ ನಿಂತಿಲ್ಲ. 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆಯು ಹಿಮ ಕಡಿದು ದಾರಿ ಬಿಡಿಸುವ ಕಾರ್ಯವನ್ನು ವರ್ಷದಿಂದ ವರ್ಷಕ್ಕೆ ಚುರುಕುಗೊಳಿಸಿದೆ. ರೋಹತಾಂಗದ ಕೆಳಗೆ 9.02 ಕಿಲೋಮೀಟರಿನ ಅಟಲ್ ಸುರಂಗ 2020ರ ಅಕ್ಟೋಬರ 3ರಂದು ತೆರೆಯಿತು. ಸೋನಮಾರ್ಗದ ಸುರಂಗ 2025ರ ಜನವರಿ 13ರಂದು ಉದ್ಘಾಟನೆಯಾಯಿತು. ಒಂದು ಕಾಲಕ್ಕೆ ವರ್ಷದಲ್ಲಿ ಐದಾರು ತಿಂಗಳು ಮುಚ್ಚಿರುತ್ತಿದ್ದ ಜೋಜಿ ಲಾ ದಾರಿಯು 2025ರಲ್ಲಿ 32 ದಿನ ಮಾತ್ರ ಮುಚ್ಚಿದ್ದು, ಏಪ್ರಿಲ 1ರಂದು ಮತ್ತೆ ತೆರೆಯಿತು.

ಇದು ಸಂತೋಷದ ಸಂಗತಿಯೇ. ಆದರೆ ದಾರಿ ಮುಚ್ಚಿದ್ದ ತಿಂಗಳುಗಳಲ್ಲಿ ದಕ್ಷಿಣದ ಚಾಲಕನು ಅತ್ತ ಹೋಗುತ್ತಲೇ ಇರಲಿಲ್ಲ, ಈಗ ಹೋಗುತ್ತಾನೆ. ಸುರಂಗದ ಈಚೆ ಒಣ ರಸ್ತೆ, ಆಚೆ ಹಿಮ. ಹೊಂದಿಕೊಳ್ಳಲು ನಡುವೆ ಹತ್ತು ನಿಮಿಷಗಳ ವ್ಯವಧಾನವೂ ಇಲ್ಲ. ಅಲ್ಲದೆ ಸುರಂಗದ ಬೆಚ್ಚಗಿನ ಗಾಳಿಗೆ ಗಾಲಿಯ ಹಿಮ ಕರಗಿ, ಹೊರಬಂದೊಡನೆ ಮತ್ತೆ ಗಡ್ಡೆ ಕಟ್ಟಲು ಅನುಕೂಲವೂ ಆಗುತ್ತದೆ. ರಸ್ತೆ ಮಾಡುವವರು ತಮ್ಮ ಕೆಲಸ ಮಾಡಿದ್ದಾರೆ. ಗಾಲಿ ನೋಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಸಂಜೆಯ ಕೆಲಸ, ಬೆಳಗಿನ ಕೆಲಸ

ಅನುಭವಸ್ಥರು ಪಾಲಿಸುವ ಕ್ರಮವನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತೇವೆ. ಇದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ.

ಮೊದಲನೆಯದಾಗಿ, ಮುಖ್ಯ ಕೆಲಸ ಇರುವುದು ಸಂಜೆಯಲ್ಲಿ. ರಾಡಿಯು ಮೆತ್ತಗಿರುವಾಗ ಕೋಲಿನಿಂದ ಕೆದರಿದರೆ ಉದುರುತ್ತದೆ. ಬೆಳಿಗ್ಗೆ ಅದನ್ನೇ ಕೊಡತಿಯಿಂದ ಒಡೆಯಬೇಕಾಗುತ್ತದೆ. ನಿಲ್ಲುವ ಮುಂಚಿನ ಕಿಲೋಮೀಟರಿನಲ್ಲಿ, ಹಿಂದೆ ಮುಂದೆ ವಾಹನವಿಲ್ಲದೆಡೆ, ಮೆಲ್ಲನೆ ಬ್ರೇಕು ಒತ್ತಿ ಒತ್ತಿ ಬಿಟ್ಟರೆ ಡ್ರಮ್ಮು ಕಾದು ಒಳಗಿನ ತೇವ ಆರುತ್ತದೆ. ಲಾರಿಯನ್ನು ರಾಡಿಯಲ್ಲಿ ನಿಲ್ಲಿಸದೆ ಗಟ್ಟಿಯಾದ ಸಪಾಟು ನೆಲದಲ್ಲಿ ನಿಲ್ಲಿಸಬೇಕು. ಪೂರ್ತಿ ಸಪಾಟಾದ ನೆಲವಾದರೆ, ಗಾಲಿಗಳಿಗೆ ಹಿಂದೆ ಮುಂದೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಕೊಟ್ಟು, ಗೇರಿನಲ್ಲಿ ನಿಲ್ಲಿಸಿ, ಬ್ರೇಕು ಸಡಿಲಿಸುವುದುಂಟು. ಶೂ ಅಂಟುವ ಭಯ ಇದರಿಂದ ತಪ್ಪುತ್ತದೆ. ಇಳಿಜಾರಿನಲ್ಲಿ ಮಾತ್ರ ಎಂದಿಗೂ ಹಾಗೆ ಮಾಡತಕ್ಕದ್ದಲ್ಲ. ಗಾಳಿಯ ಬ್ರೇಕಿರುವ ಲಾರಿಗಳಲ್ಲಿ ಗಾಳಿಯ ಟ್ಯಾಂಕುಗಳಲ್ಲಿ ಕೂಡಿದ ನೀರನ್ನು ದಿನವೂ ಹೊರಬಿಡಬೇಕು. ಆ ನೀರು ಕೊಳವೆಯಲ್ಲಿ ಹೆಪ್ಪುಗಟ್ಟಿದರೆ ಬ್ರೇಕೇ ಕೈಕೊಡುತ್ತದೆ.

ಎರಡನೆಯದಾಗಿ, ಬೆಳಿಗ್ಗೆ ಕೀಲಿ ತಿರುವುವ ಮೊದಲು ಬ್ಯಾಟರಿ ಹಿಡಿದು ಲಾರಿಯನ್ನು ಒಂದು ಸುತ್ತು ಬರಬೇಕು. ಮುಂದಿನ ಎರಡು ಗಾಲಿಗಳ ಒಳಮಗ್ಗುಲು, ಹಿಂದಿನ ಜೋಡಿ ಗಾಲಿಗಳ ನಡುವಣ ಸಂದು, ಮಡ್‌ಗಾರ್ಡುಗಳ ಒಳಭಾಗ, ಈ ಮೂರನ್ನೂ ಬಗ್ಗಿ ನೋಡಬೇಕು. ಗಡ್ಡೆಯನ್ನು ಮರದಿಂದ ಬಡಿಯಬೇಕು. ಕಬ್ಬಿಣದ ಸುತ್ತಿಗೆ ಬೇಡ. ಅಲ್ಲಿ ಗಾಳಿಯ ರಬ್ಬರು ಕೊಳವೆ, ವಾಲ್ವು, ಇತ್ತೀಚಿನ ಲಾರಿಗಳಲ್ಲಿ ವಿದ್ಯುತ್ತಿನ ತಂತಿ, ಎಲ್ಲವೂ ಇರುತ್ತವೆ. ಕುದಿಯುವ ನೀರನ್ನು ಸುರಿಯುವುದು ಅನೇಕರ ಅಭ್ಯಾಸ, ಅದು ತಪ್ಪು. ಕೊರೆಯುವ ಚಳಿಯಲ್ಲಿರುವ ಎರಕದ ಡ್ರಮ್ಮು ಕುದಿನೀರಿಗೆ ಬಿರಿಯಬಹುದು. ಬಿರಿಯದಿದ್ದರೂ ಸುರಿದ ನೀರು ಮತ್ತೆ ಗಡ್ಡೆಯಾಗುತ್ತದೆ. ಗಾಲಿಯ ಕೆಳಗೆ ಬೆಂಕಿ ಹಾಕುವುದಂತೂ ರಬ್ಬರು, ಗ್ರೀಸು, ಡೀಸೆಲುಗಳ ನಡುವೆ ಕೊಳ್ಳಿ ಇಟ್ಟಂತೆ.

ಜೋಡಿ ಗಾಲಿಗಳ ನಡುವಿನ ಗಡ್ಡೆಯನ್ನು ಅಲಕ್ಷ್ಯ ಮಾಡುವವರು ಹಿಂದೆ ಬರುವವನನ್ನು ನೆನೆಯಬೇಕು. ವೇಗ ಹೆಚ್ಚಿದಾಗ ಆ ಗಡ್ಡೆ, ಕೆಲವೊಮ್ಮೆ ಅದರಲ್ಲಿ ಹುದುಗಿದ ಕಲ್ಲು, ಕವಣೆಯಿಂದ ಬಿಟ್ಟಂತೆ ಹಾರಿ ಹಿಂದಿನ ವಾಹನದ ಗಾಜಿಗೆ ಬಡಿಯಬಹುದು.

ಮೂರನೆಯದಾಗಿ, ಅಂಗಳ ಬಿಡುವ ಮುಂಚೆ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುವಿ ನೋಡಬೇಕು. ಹತ್ತು ಮಾರು ಹೋಗಿ ಬ್ರೇಕು ಹಾಕಿ, ಎಲ್ಲ ಗಾಲಿಗಳೂ ತಿರುಗುತ್ತಿವೆಯೇ, ಎಲ್ಲವೂ ಹಿಡಿಯುತ್ತವೆಯೇ ಎಂದು ಪರೀಕ್ಷಿಸಬೇಕು. ಮೊದಲ ಕೆಲವು ಕಿಲೋಮೀಟರು ನಿಧಾನವಾಗಿ ಓಡಿಸಬೇಕು. ನಡುಕ ಬಂದರೆ, ವೇಗ ಹೆಚ್ಚಿಸಿ ದಾಟಿಬಿಡುತ್ತೇವೆಂದು ಹೋಗದೆ, ಸುರಕ್ಷಿತವಾದ ಎಡೆ ನೋಡಿ ನಿಂತು, ಇಳಿದು ನೋಡಬೇಕು. ಗಾಲಿಯೊಳಗೆ ಏನೂ ಇಲ್ಲದೆ ನಡುಕ ಉಳಿದರೆ ಮಾತ್ರ ಮಿಸ್ತ್ರಿಯ ಕೆಲಸ.

ಟಯರಿನ ವಿಷಯದಲ್ಲಿಯೂ ಒಂದೆರಡು ಮಾತು ಅವಶ್ಯ. ಟಯರಿನ ಗೆರೆಗಳ ನಡುವೆಯೂ ಹಿಮ ತುಂಬುತ್ತದೆ. ಗೆರೆ ಆಳವಾಗಿದ್ದರೆ ಗಾಲಿ ಸುತ್ತಿದಂತೆ ಅದು ಉದುರಿ ಹೊಸ ಹಿಡಿತ ಸಿಕ್ಕುತ್ತದೆ. ಸವೆದ ಟಯರಿನಲ್ಲಿ ಅದು ಮೆತ್ತಿಕೊಂಡೇ ಇದ್ದು, ಟಯರು ಬೆಣ್ಣೆ ಸವರಿದ ಹಲಗೆಯಂತಾಗುತ್ತದೆ. ಇದಲ್ಲದೆ ಚಳಿಗೆ ಗಾಳಿಯ ಒತ್ತಡವೂ ಇಳಿಯುತ್ತದೆ. ಮುಂಬಯಿಯ 30 ಡಿಗ್ರಿ ಬಿಸಿಯಲ್ಲಿ 110 ಪೌಂಡು ಗಾಳಿ ತುಂಬಿಸಿದ ಟಯರು, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಒಂದು ತೂತೂ ಇಲ್ಲದೆ ಸುಮಾರು 16 ಪೌಂಡು ಕಳೆದುಕೊಂಡಿರುತ್ತದೆ. ಮೇಲೆ ಹೋದ ಮೇಲೆ ಅಳತೆ ನೋಡಿ ತುಂಬಿಸಬೇಕು. ಸರಪಳಿ ಕಟ್ಟಬೇಕಾದಲ್ಲಿ ಎಂಜಿನು ಎಳೆಯುವ ಗಾಲಿಗಳಿಗೆ ಕಟ್ಟಿ, ಸ್ವಲ್ಪ ದೂರ ಹೋಗಿ ಮತ್ತೆ ಬಿಗಿದು, ಗಂಟೆಗೆ ಮೂವತ್ತು, ನಲವತ್ತು ಕಿಲೋಮೀಟರಿನೊಳಗೆ ಓಡಿಸಬೇಕು. ಒಣ ರಸ್ತೆ ಸಿಕ್ಕೊಡನೆ ಬಿಚ್ಚಬೇಕು. ಇನ್ನೂ ಮೇಲೆ ಲಡಾಖಿಗೆ ಹೋಗುವವರು ಡೀಸೆಲನ್ನೂ ವಿಚಾರಿಸಿಕೊಳ್ಳಬೇಕು. ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟದ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರದಲ್ಲಿ ಅಲ್ಲಿಗಾಗಿ ಹೊರತಂದಿತು.

ಮಾಲಕರಲ್ಲಿ ಒಂದು ವಿಜ್ಞಾಪನೆ

ಇಷ್ಟೆಲ್ಲ ಮಾಡಲು ಬೆಳಿಗ್ಗೆ ಹೆಚ್ಚೆಂದರೆ ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆಯನ್ನು ಚಾಲಕನಿಗೆ ಕೊಡುವವರಾರು? ಲಾರಿ ಹೊರಟಿತೇ, ಎಲ್ಲಿಗೆ ಬಂದಿತು, ಏಕೆ ನಿಂತಿತು ಎಂದು ಮುಂಬಯಿಯಿಂದ ಗಳಿಗೆಗೊಮ್ಮೆ ಕೇಳುವ ಕಾಲ ಇದು. ಹಣ್ಣಿನ ವ್ಯಾಪಾರದಲ್ಲಿ ಹೊತ್ತಿಗೆ ಬೆಲೆಯಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ತಡವಾದ ಹಣ್ಣು ಕೊಳೆಯುತ್ತದೆ, ನಷ್ಟವಾಗುತ್ತದೆ, ಅದೂ ನಿಜವೇ. ಆದರೆ ಆ ಲಾರಿಯಲ್ಲಿ ಹಣ್ಣಿನೊಡನೆ ಎರಡು ಜೀವಗಳೂ ಇವೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಬರೆದಿರುವುದಿಲ್ಲ. ಲಾರಿ ಇಟ್ಟುಕೊಂಡ ನಮ್ಮ ಕನ್ನಡಿಗ ಮಾಲಕರು ಹಿಮದ ಕಡೆಗೆ ಗಾಡಿ ಕಳುಹಿಸುವಾಗ ಎರಡು ಜತೆ ದಿಮ್ಮಿ, ಒಂದು ಬ್ಯಾಟರಿ, ಒಂದು ಕೊಡತಿ ಹಾಕಿ ಕಳುಹಿಸಲಿ, ಬೆಳಿಗ್ಗೆ ಫೋನು ಮಾಡಿದಾಗ “ಹೊರಟೆಯಾ?” ಎಂದು ಕೇಳುವ ಮೊದಲು “ಗಾಲಿ ನೋಡಿದೆಯಾ?” ಎಂದು ಕೇಳಲಿ. ಹಳಬರು ತಮ್ಮ ಕೈಕೆಳಗಿನ ಹುಡುಗರಿಗೆ ಗೇರು ಬದಲಿಸುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಇದನ್ನೂ ಕಲಿಸಲಿ.

ಬೀಳ್ಕೊಳ್ಳುವ ಮುನ್ನ ನಾವು ಅಕ್ಕನ ಮಗನ ಸಮಾಚಾರ ಕೇಳಿದೆವು. ಹುಡುಗ ಈಗ ಸ್ವತಃ ಚಾಲಕ. ಬೇರೊಂದು ಲಾರಿಯಲ್ಲಿ ಅದೇ ದಾರಿಯಲ್ಲಿ ಓಡಾಡುತ್ತಿದ್ದಾನೆಂದು ತಿಳಿಯಿತು. ಅವನಿಗೆ ಲೈಸನ್ಸು ಬಂದ ವರ್ಷ ಮಾವ ಊರಿಗೆ ಹೋದಾಗ, ಬಡಗಿಯ ಮನೆಗೆ ಹೋಗಿ ಜಾಲಿಯ ಕಟ್ಟಿಗೆಯ ಎರಡು ಕೊಡತಿ ಮಾಡಿಸಿದರಂತೆ. ಒಂದು ಅವನಿಗೆ, ಒಂದು ತಮಗೆ.

“ಅಕ್ಕ ಕೇಳಿದ್ಲರಿ, ಯಾಕೋ ತಮ್ಮಾ, ಲಾರಿ ಬಿಟ್ಟು ಹೊಲ ಮಾಡಾವೇನು ಅಂತ. ಇಲ್ಲವಾ, ಗಾಲಿ ಕೆರ್ಯಾಕ ಅಂದ್ನಿ. ಅಪ್ಪ ಮಾಡತಿದ್ದನಲ್ಲ, ಅದನ್ನ ಮಾಡು ಅಂದ್ಲು. ಅವಳಿಗಿ ಭಾಳ ಹೇಳೂದ ಬ್ಯಾಡಾತು.”

ಅಷ್ಟು ಹೇಳಿ ಅವರು ಕಂಬಳಿ ಮಡಿಚಿ ಎದ್ದರು. ಸೇಬು ಇಳಿದು ಮುಗಿದಿತ್ತು. ಮರುದಿನ ಮತ್ತೆ ಉತ್ತರಕ್ಕೆ ಪ್ರಯಾಣ. ಹಿಮದ ದಾರಿ ಹಿಡಿಯುವ ನಮ್ಮವರೆಲ್ಲರೂ ಸುಖವಾಗಿ ಹೋಗಿ ಸುಖವಾಗಿ ಮರಳಲಿ. ಹೊರಡುವ ಮುನ್ನ ಒಮ್ಮೆ ಬಗ್ಗಿ ನೋಡಲಿ.